ಆರರಿಂದ ಎಂಟನೇ ತರಗತಿಗೆ ಪಾಠ ಮಾಡಲು ಎಷ್ಟು ಗಣಿತ ಗೊತ್ತಿರಬೇಕು?

ಪ್ರಶ್ನೆ: ಬಿ.ಇಡಿ. ವಿದ್ಯಾರ್ಥಿನಿ, ತುಮಕೂರು ಜಿಲ್ಲೆ

ಬಿ.ಎಸ್ಸಿ.ಯಲ್ಲಿ ನಾನು ಓದಿದ್ದು ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ. ಗಣಿತದ ಪುಸ್ತಕ ದ್ವಿತೀಯ ಪಿಯುಸಿ ಮುಗಿದ ದಿನವೇ ಅಟ್ಟ ಸೇರಿತು. ಈಗ ಶಿಕ್ಷಕರ ಅರ್ಹತಾ ಪರೀಕ್ಷೆಯ ಎರಡನೇ ಪತ್ರಿಕೆ ಬರೆಯಬೇಕು. ಅದರಲ್ಲಿ ಗಣಿತ ಮತ್ತು ವಿಜ್ಞಾನ ಎರಡೂ ಸೇರಿವೆ. ಕಲನಶಾಸ್ತ್ರ, ತ್ರಿಕೋನಮಿತಿ ಎಲ್ಲವನ್ನೂ ಮತ್ತೆ ಓದಬೇಕೇ? ಪರೀಕ್ಷೆ ಬರೆದವರು, ಪಾಠ ಮಾಡುತ್ತಿರುವವರು ದಯವಿಟ್ಟು ನಿಮ್ಮ ಅನುಭವ ತಿಳಿಸಿ.

ಉತ್ತರ: ಹಿರಿಯ ಪ್ರಾಥಮಿಕ ಶಾಲಾ ಶಿಕ್ಷಕಿ, ಹಾಸನ ಜಿಲ್ಲೆ

ಕಲನಶಾಸ್ತ್ರದ ಗೊಡವೆ ಬೇಡ, ತಂಗಿ. ಸಂಖ್ಯೆಗಳು, ಭಿನ್ನರಾಶಿ, ದಶಮಾಂಶ, ಅನುಪಾತ, ಸರಳ ಬೀಜಗಣಿತ, ರೇಖಾಗಣಿತ, ಕ್ಷೇತ್ರಫಲ, ದತ್ತಾಂಶಗಳ ನಿರ್ವಹಣೆ, ಇಷ್ಟೇ. ಎಲ್ಲವೂ ನೀವು ಹದಿಮೂರನೇ ವಯಸ್ಸಿಗೆ ಮುಗಿಸಿದ ಪಾಠಗಳು. ಆದರೆ ಈಗ ಅವು ಬುಡಸಮೇತ ಗೊತ್ತಿರಬೇಕು. ನನಗೆ ಇದು ಅರಿವಾದದ್ದು ಕೆಲಸಕ್ಕೆ ಸೇರಿದ ಮೊದಲ ವರ್ಷ.

ಏಳನೇ ತರಗತಿಯಲ್ಲಿ ಭಿನ್ನರಾಶಿಗಳ ಭಾಗಾಕಾರ ಹೇಳಿಕೊಡುತ್ತಿದ್ದೆ. ಕಪ್ಪುಹಲಗೆಯ ಮೇಲೆ ಅರ್ಧ ಭಾಗಿಸು ಕಾಲು ಎಂದು ಬರೆದು, ಎರಡನೆಯದನ್ನು ತಲೆಕೆಳಗು ಮಾಡಿ ಗುಣಿಸಿ, ಉತ್ತರ ಎರಡು ಎಂದೆ. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತ. 'ಮಿಸ್, ಭಾಗ ಮಾಡಿದರೆ ಕಡಿಮೆ ಆಗಬೇಕಲ್ಲವೇ? ಅರ್ಧವನ್ನು ಭಾಗ ಮಾಡಿದರೆ ಎರಡು ಹೇಗೆ ಬಂತು?' ನನ್ನ ಬಳಿ ಉತ್ತರ ಇರಲಿಲ್ಲ. 'ಅದು ನಿಯಮ, ಬರೆದುಕೋ' ಎಂದುಬಿಟ್ಟೆ. ಅವನು ಕುಳಿತ. ಆಮೇಲೆ ವರ್ಷವಿಡೀ ಪ್ರಶ್ನೆ ಕೇಳಲಿಲ್ಲ. ಆ ಮೌನ ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಉತ್ತರ ಸಿಕ್ಕಿದ್ದು ಮನೆಯಲ್ಲಿ, ಅತ್ತೆ ಅಕ್ಕಿ ಅಳೆಯುವಾಗ. ಸೇರಿಗೆ ನಾಲ್ಕು ಪಾವು. ಅಚ್ಚೇರಿನಲ್ಲಿ, ಅಂದರೆ ಅರ್ಧ ಸೇರಿನಲ್ಲಿ, ಎಷ್ಟು ಪಾವು? ಎರಡು. ಅಂದರೆ ಅರ್ಧದೊಳಗೆ ಕಾಲು ಎರಡು ಸಲ ಹಿಡಿಸುತ್ತದೆ. ಭಾಗಾಕಾರ ಕೇಳುವುದು ಅದನ್ನೇ: ಇದರಲ್ಲಿ ಅದು ಎಷ್ಟು ಸಲ ಇದೆ? ತಲೆಕೆಳಗು ಮಾಡುವುದು ಏಕೆಂಬುದೂ ಆ ಪಾವಿನಲ್ಲೇ ಇದೆ. ಒಂದು ಸೇರಿಗೆ ನಾಲ್ಕು ಪಾವಾದ್ದರಿಂದ, ಎಷ್ಟು ಸೇರು ಕೊಟ್ಟರೂ ನಾಲ್ಕರಿಂದ ಗುಣಿಸಿದರೆ ಪಾವಿನ ಲೆಕ್ಕ ಬರುತ್ತದೆ. ಕಾಲರಿಂದ ಭಾಗಿಸುವುದೂ ನಾಲ್ಕರಿಂದ ಗುಣಿಸುವುದೂ ಒಂದೇ ಕೆಲಸ. ಈಗ ಪ್ರತಿ ವರ್ಷ ಆ ಪಾಠದ ದಿನ ಸೇರು, ಪಾವು, ಒಂದಿಷ್ಟು ರಾಗಿ ಹಿಡಿದುಕೊಂಡೇ ತರಗತಿಗೆ ಹೋಗುತ್ತೇನೆ.

ಹಾಗಾಗಿ ನೀವು ಓದುವಾಗ ಪ್ರತಿ ನಿಯಮದ ಪಕ್ಕದಲ್ಲೂ 'ಏಕೆ?' ಎಂದು ಬರೆದುಕೊಳ್ಳಿ. ಋಣ ಸಂಖ್ಯೆಯನ್ನು ಋಣ ಸಂಖ್ಯೆಯಿಂದ ಗುಣಿಸಿದರೆ ಧನ ಸಂಖ್ಯೆ ಏಕೆ? ಮೂರನ್ನು ಋಣ ಎರಡರಿಂದ ಗುಣಿಸಿ: ಋಣ ಆರು. ಎರಡನ್ನು ಗುಣಿಸಿ: ಋಣ ನಾಲ್ಕು. ಒಂದಕ್ಕೆ ಋಣ ಎರಡು, ಸೊನ್ನೆಗೆ ಸೊನ್ನೆ. ಪ್ರತಿ ಮೆಟ್ಟಿಲಿಗೂ ಎರಡೆರಡು ಹೆಚ್ಚುತ್ತಿದೆ. ಮುಂದಿನ ಮೆಟ್ಟಿಲು ಋಣ ಒಂದು. ಅಲ್ಲಿಗೆ ಉತ್ತರ ಧನ ಎರಡೇ ಆಗಬೇಕು. ಇದನ್ನು ಮಕ್ಕಳೇ ಕಂಡುಹಿಡಿಯುತ್ತಾರೆ, ನೀವು ಮೆಟ್ಟಿಲು ಬರೆದುಕೊಟ್ಟರೆ ಸಾಕು.

ಮಕ್ಕಳ ತಪ್ಪುಗಳನ್ನೂ ಪಾಠದಷ್ಟೇ ಶ್ರದ್ಧೆಯಿಂದ ಕಲಿಯಿರಿ. 0.45 ಮತ್ತು 0.5ರಲ್ಲಿ ಯಾವುದು ದೊಡ್ಡದು ಎಂದರೆ ಅನೇಕ ಮಕ್ಕಳು 0.45 ಎನ್ನುತ್ತಾರೆ, ಏಕೆಂದರೆ 45 ಐದಕ್ಕಿಂತ ದೊಡ್ಡದು. ನಮ್ಮ ಕಾಲದಲ್ಲಿ ಪೈಸೆಯಿಂದ ತಿಳಿಸಬಹುದಿತ್ತು, ಈಗಿನ ಮಕ್ಕಳು ಪೈಸೆಯನ್ನೇ ಕಂಡಿಲ್ಲ. ಮೀಟರ್ ಪಟ್ಟಿ ಕೈಗೆ ಕೊಟ್ಟು 45 ಸೆಂಟಿಮೀಟರ್, 50 ಸೆಂಟಿಮೀಟರ್ ಮುಟ್ಟಿಸಿ.

ಉತ್ತರ: ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾದವರು, ಧಾರವಾಡ

ಪರೀಕ್ಷೆಯ ಲೆಕ್ಕ ನಾನು ಹೇಳುತ್ತೇನೆ. ಒಟ್ಟು 150 ಪ್ರಶ್ನೆ, 150 ಅಂಕ, ಎರಡೂವರೆ ಗಂಟೆ. ಶಿಶು ವಿಕಸನ ಮತ್ತು ಬೋಧನಾಶಾಸ್ತ್ರಕ್ಕೆ 30, ಎರಡು ಭಾಷೆಗಳಿಗೆ ತಲಾ 30, ಗಣಿತ ಮತ್ತು ವಿಜ್ಞಾನಕ್ಕೆ 60. ಸಾಮಾನ್ಯ ವರ್ಗದವರಿಗೆ ಶೇಕಡ 60, ಅಂದರೆ 90 ಅಂಕ ಬೇಕು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬೇಡಿ.

ಮೊದಲ ಪ್ರಯತ್ನದಲ್ಲಿ ನನ್ನನ್ನು ಕೆಡವಿದ್ದು ಲೆಕ್ಕವಲ್ಲ, ಪದಗಳು. ಪಿಯುಸಿ, ಪದವಿ ಎರಡನ್ನೂ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ್ದೆ. ಅಪವರ್ತನ, ಅಪವರ್ತ್ಯ ಇವೆರಡರ ನಡುವೆ ಒಂದಕ್ಷರದ ವ್ಯತ್ಯಾಸ, ಅವಸರದಲ್ಲಿ ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ) ಕೇಳಿದಲ್ಲಿ ಲ.ಸಾ.ಅ. (ಲಘುತ್ತಮ ಸಾಮಾನ್ಯ ಅಪವರ್ತ್ಯ) ಗುರುತಿಸಿ ಬಂದೆ. ಹನ್ನೆರಡನ್ನು ನಿಶ್ಶೇಷವಾಗಿ ಭಾಗಿಸುವ ಅಪವರ್ತನಗಳು ಒಟ್ಟು ಆರೇ ಆರು, ಹನ್ನೆರಡರ ಮಗ್ಗಿಯಲ್ಲಿ ಬರುವ ಅಪವರ್ತ್ಯಗಳಿಗೆ ಕೊನೆಯೇ ಇಲ್ಲ; ಹೀಗೆ ನೆನಪಿಟ್ಟುಕೊಂಡ ಮೇಲೆ ಗೊಂದಲವಾಗಲಿಲ್ಲ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಕನ್ನಡ ಮಾಧ್ಯಮದ ಪುಸ್ತಕಗಳು ಉಚಿತವಾಗಿ ಸಿಗುತ್ತವೆ. ಆರು, ಏಳು, ಎಂಟು ಮೂರನ್ನೂ ಅಭ್ಯಾಸದ ಲೆಕ್ಕಗಳ ಸಮೇತ ಮುಗಿಸಿ. ಗೈಡ್ ಆಮೇಲೆ ನೋಡಿದರಾಯಿತು.

ಉತ್ತರ: ಪದವೀಧರ ಪ್ರಾಥಮಿಕ ಶಿಕ್ಷಕ, ರಾಯಚೂರು ಜಿಲ್ಲೆ

ಅರ್ಹತಾ ಪರೀಕ್ಷೆ ಪಾಸಾಗುವುದು ಬೇರೆ, ನೇಮಕಾತಿ ಬೇರೆ. ಹುದ್ದೆಗೆ ಪದವಿಯಲ್ಲಿ ಯಾವ ಐಚ್ಛಿಕ ವಿಷಯ ಓದಿರಬೇಕು ಎಂಬುದನ್ನು ಅಧಿಸೂಚನೆ ಪ್ರತ್ಯೇಕವಾಗಿ ಹೇಳುತ್ತದೆ. ನಿಮ್ಮ ವಿಷಯಗಳಿಗೆ ಯಾವ ಹುದ್ದೆ ಹೊಂದುತ್ತದೆ ಎಂದು ಈಗಲೇ ನೋಡಿಕೊಳ್ಳಿ. ಇನ್ನೊಂದು ಮಾತು: 2022ರಲ್ಲಿ 15,000 ಹುದ್ದೆಗಳಿಗೆ ನಡೆದ ಪರೀಕ್ಷೆಯ ವಿಷಯ ಪತ್ರಿಕೆಯಲ್ಲಿ ವಿವರಿಸಿ ಬರೆಯುವ ಪ್ರಶ್ನೆಗಳೂ ಇದ್ದವು. ನಾಲ್ಕು ಆಯ್ಕೆಗಳಲ್ಲಿ ಒಂದನ್ನು ಗುರುತಿಸಿ ಅಭ್ಯಾಸವಾದ ಕೈಗೆ ಹಂತಹಂತವಾಗಿ ಬರೆಯುವುದು ಕಷ್ಟ. ದಿನಕ್ಕೊಂದು ಲೆಕ್ಕವನ್ನಾದರೂ ಪೂರ್ತಿ ಬರೆದು ಬಿಡಿಸಿ.

ಉತ್ತರ: ನಿವೃತ್ತ ಗಣಿತ ಶಿಕ್ಷಕ, ಶಿವಮೊಗ್ಗ

ಎಂಟನೇ ತರಗತಿಯವರೆಗಿನ ಪುಸ್ತಕಗಳಷ್ಟೇ ಸಾಕು ಎಂಬ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಒಂಬತ್ತು, ಹತ್ತರ ಪುಸ್ತಕವನ್ನೂ ಓದಿರಿ. ನಿಮ್ಮ ಪಾಠ ಮುಂದೆ ಎಲ್ಲಿಗೆ ಹೋಗಿ ಸೇರುತ್ತದೆ ಎಂದು ಗೊತ್ತಿಲ್ಲದಿದ್ದರೆ, 'ಪೈ ಎಂದರೆ 22/7' ಎಂದು ಹೇಳಿಬಿಡುತ್ತೀರಿ. 22/7 ಭಾಗಲಬ್ಧ ಸಂಖ್ಯೆ, ಅಂದರೆ ಎರಡು ಪೂರ್ಣಾಂಕಗಳ ಭಿನ್ನರಾಶಿ; ಪೈ ಹಾಗಲ್ಲ. 'ಸುಮಾರು' ಎಂಬ ಒಂದು ಪದ ಸೇರಿಸಿದ್ದರೆ ಮಗು ಮುಂದೆ ತಡವರಿಸುವುದಿಲ್ಲ.

ಸೊನ್ನೆಯಿಂದ ಭಾಗಿಸುವ ಪ್ರಶ್ನೆ ಖಂಡಿತ ಬರುತ್ತದೆ, ಸಿದ್ಧವಾಗಿರಿ. ರಾಷ್ಟ್ರಕೂಟರ ಅಮೋಘವರ್ಷನ ಕಾಲದ ಮಹಾವೀರಾಚಾರ್ಯರಂಥ ಗಣಿತಜ್ಞರೇ ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಬದಲಾಗದು ಎಂದು ಬರೆದಿದ್ದರು. ನಾನು ಇದನ್ನು ಮಕ್ಕಳಿಗೆ ಹೇಳುತ್ತಿದ್ದೆ. ಅಷ್ಟು ದೊಡ್ಡವರೂ ಎಡವಿದ ಜಾಗ ಎಂದು ತಿಳಿದ ಮೇಲೆ ಮಕ್ಕಳು ಭಯ ಬಿಟ್ಟು ಯೋಚಿಸುತ್ತಿದ್ದರು. ಆರನ್ನು ಸೊನ್ನೆಯಿಂದ ಭಾಗಿಸಿದ ಉತ್ತರವನ್ನು ಮರಳಿ ಸೊನ್ನೆಯಿಂದ ಗುಣಿಸಿದರೆ ಆರು ಬರಬೇಕು. ಅಂಥ ಸಂಖ್ಯೆ ಯಾವುದು? ಹುಡುಕಲಿ, ಅವರಿಗೆ ಸಮಯ ಕೊಡಿ.

ಕೇಳಿದವರು ಮತ್ತೆ

ಎಲ್ಲರಿಗೂ ಕೃತಜ್ಞತೆಗಳು. ಅಕ್ಕಾ, ಪಾವಿನ ಲೆಕ್ಕವನ್ನು ನಿನ್ನೆ ರಾತ್ರಿ ಮಾಡಿ ನೋಡಿದೆ. ಆದರೆ ಮುಕ್ಕಾಲನ್ನು ಮೂರನೇ ಎರಡರಿಂದ ಭಾಗಿಸುವಲ್ಲಿ ಸಿಕ್ಕಿಹಾಕಿಕೊಂಡೆ. ಮೂರನೇ ಎರಡನ್ನು ಪಾವಿನಲ್ಲಿ ಅಳೆಯಲು ಬರುವುದಿಲ್ಲವಲ್ಲ?

ಹಾಸನದ ಶಿಕ್ಷಕಿ

ಸರಿಯಾದ ಜಾಗದಲ್ಲೇ ಸಿಕ್ಕಿಕೊಂಡಿದ್ದೀರಿ. ಪಾವು ಬಿಡಿ, ಸೇರನ್ನು ಹನ್ನೆರಡು ಸಮಭಾಗ ಮಾಡುವ ಒಂದು ಪುಟ್ಟ ಲೋಟ ಹುಡುಕಿ. ಮುಕ್ಕಾಲು ಸೇರಿಗೆ ಅಂಥ ಒಂಬತ್ತು ಲೋಟ, ಮೂರನೇ ಎರಡಕ್ಕೆ ಎಂಟು. ಒಂಬತ್ತರಲ್ಲಿ ಎಂಟು ಎಷ್ಟು ಸಲ? ಒಂದು ಸಲ, ಮೇಲೆ ಎಂಟನೇ ಒಂದು. ಈಗ ತಲೆಕೆಳಗು ಮಾಡಿ ಗುಣಿಸಿ, ಅದೇ ಉತ್ತರ ಬರುತ್ತದೋ ನೋಡಿ.