ಸಹಾಯ ಬೇಕು: ಕೇದಾರಕಂಠಕ್ಕ ನಾಲ್ಕು ಜೊತೆ ಮೈಕ್ರೋಸ್ಪೈಕ್

ನಮಸ್ಕಾರ ಅಣ್ಣಾರ, ಅಕ್ಕಾರ. ಧಾರವಾಡದಿಂದ ನಾಲ್ಕು ಮಂದಿ ಜನವರಿ ಮೂರನೇ ವಾರ ಉತ್ತರಾಖಂಡದ ಕೇದಾರಕಂಠ ಶಿಖರಕ್ಕ ಹೊಂಟೇವಿ. ಎತ್ತರ ಸುಮಾರು 12,500 ಅಡಿ, ನಡಿಗೆ ಸಾಂಕ್ರಿ ಊರಿಂದ. ಹುಬ್ಬಳ್ಳಿ, ಗದಗ, ಹಾವೇರಿ ಕಡೆ ಯಾರ ಹತ್ರ ಮೈಕ್ರೋಸ್ಪೈಕ್ (ಹಿಮದಾಗ ಜಾರದಂಗ ಬೂಟಿಗೆ ಹಾಕೋ ಹಲ್ಲಿನ ಸರಪಳಿ) ಅದಾವ? ಹತ್ತು ದಿನಕ್ಕ ಬಾಡಿಗಿ ಕೊಡ್ತೇವಿ. ಬೂಟಿನ ಸೈಜು 7, 8, 8, 10.

ಸ್ನೋಶೂ (ಕಾಲು ಹುಗಿಯದಂಗ ಬೂಟಿನಡಿ ಕಟ್ಟೋ ಅಗಲ ಚೌಕಟ್ಟು) ಬ್ಯಾಡ್ರಿ. ಅದು ಮೊಣಕಾಲಮಟ ಹುಗಿಯೋ ಸಡಿಲ ಹಿಮಕ್ಕ. ಅಲ್ಲಿ ದಾರಿ ಮಂದಿ ತುಳಿದು ತುಳಿದು ಗಟ್ಟಿಯಾಗಿ, ಮುಂಜಾನೆ ಗಾಜಿನಂಗ ಜಾರ್ತೈತಿ.

ಕೊಡೋಕಿಂತ ಮೊದಲು ಒಂದು ಸಲ ನೋಡ್ರಿ: ಸರಪಳಿ ಸಿಗಿಸೋ ರಬ್ಬರ್ ತೂತಿನ ಸುತ್ತ ಸಣ್ಣ ಬಿರುಕು ಇದ್ರ ಅದು ಚಳಿಗೆ ಹರೀತೈತಿ, ಅದೂ ಇಳಿಜಾರಿನಾಗ. ಬೂಟಿಗೆ ಹಾಕಿ ನೆಲಕ್ಕ ಒದ್ದಾಗ ಹಿಮ್ಮಡಿ ಹಲ್ಲು ಪಕ್ಕಕ್ಕ ಸರೀಬಾರದು. ಹಲ್ಲು ಸ್ವಲ್ಪ ಮೊಂಡಾಗಿದ್ರ ಅಡ್ಡಿಯಿಲ್ಲ, ನಾವ ಅರ ಹಾಕ್ಕೋತೇವಿ. ಎರಡು ಜೊತೆ ಗೇಟರೂ (ಬೂಟಿನ ಬಾಯಿ ಮುಚ್ಚಿ ಕಾಲಿಗೆ ಸುತ್ತೋ ಕವಚ) ಬೇಕು. ಬೂಟಿನಡಿ ಹಾಯೋ ಪಟ್ಟಿ ಗಟ್ಟಿ ಇರಲಿ, ಇಲ್ಲಂದ್ರ ಹಿಮ ನುಗ್ಗಿ ಸಾಕ್ಸ್ ತೊಯ್ತಾವ.

ಹತ್ತಿ ಬನಿಯನ್ ಬಿಟ್ಟೇವಿ, ಬೆವರು ಹೀರಿ ಒಣಗೂದಿಲ್ಲ. ನೀರಿನ ಬಾಟ್ಲಿ ತಲೆಕೆಳಗ ಇಡೋದು ಗೊತ್ತೈತಿ, ಮೇಲಿಂದ ಹೆಪ್ಪುಗಟ್ಟಿದ್ರೂ ಬಾಯಿ ತೆರೀತೈತಿ. ಪ್ರಶ್ನೆ ಇರೋದು ಸ್ಲೀಪಿಂಗ್ ಬ್ಯಾಗಿಂದು: ನಮ್ಮಲ್ಲಿರೋದು 0 ಡಿಗ್ರಿಯದು. ಒಳಗ ಉಣ್ಣೆ ಲೈನರ್ (ಒಳಚೀಲ) ಹಾಕಿದ್ರ ಮೈನಸ್ 10ಕ್ಕ ಸಾಲ್ತೈತೇನು, ಅಲ್ಲಿ ಮಲಗಿದವರು ಹೇಳ್ರಿ.

ಏರೋ ತಾಲೀಮಿಗೆ 8 ಕೆಜಿ ಚೀಲ ಹೊತ್ತು ಹುಬ್ಬಳ್ಳಿಯ ನೃಪತುಂಗ ಬೆಟ್ಟ ಹತ್ತೋದು ನಡದೈತಿ. ಉದ್ದನ ಇಳಿಜಾರಿಗೆ ಕಪ್ಪತಗುಡ್ಡ ಚಲೋ, ಆದ್ರ ಅದು ವನ್ಯಜೀವಿ ಧಾಮ. ಅನುಮತಿ ಎಲ್ಲಿ ಕೇಳಬೇಕು, ಗದಗಿನವರು ಯಾರಾದ್ರೂ ತಿಳಸ್ರಿ.