ನರ್ಸಿಂಗ್ ಮೊದಲ ವರ್ಷದ ಅನಾಟಮಿಗೆ ಮೂಳೆ ಸೆಟ್ ಕೊಳ್ಳಲೇಬೇಕೇ? ಅನುಭವಸ್ಥರು ತಿಳಿಸಿ

ಪ್ರಶ್ನೆ: ಮುಲುಂಡ್‌ನ ವಿದ್ಯಾರ್ಥಿನಿ

ಹಿರಿಯರಿಗೆಲ್ಲ ನಮಸ್ಕಾರ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನಾನು ಈಗ ನವಿ ಮುಂಬಯಿಯಲ್ಲಿ ಬಿ.ಎಸ್ಸಿ. ನರ್ಸಿಂಗ್ ಮೊದಲ ಸೆಮಿಸ್ಟರಿನಲ್ಲಿದ್ದೇನೆ. ಅನಾಟಮಿ (ದೇಹದ ರಚನೆ), ಫಿಸಿಯಾಲಜಿಯ (ದೇಹದ ಕೆಲಸ) ಇಂಟರ್ನಲ್ ಪರೀಕ್ಷೆಗೆ ಐದು ವಾರಗಳಿವೆ. ಸೀನಿಯರ್ ಒಬ್ಬರು ತಮ್ಮ ಹಾಫ್ ಸೆಟ್ಟನ್ನು, ಅಂದರೆ ನಿಜವಾದ ಮನುಷ್ಯರ ಅರ್ಧ ಅಸ್ಥಿಪಂಜರದ ಮೂಳೆಗಳನ್ನು, 4,500 ರೂಪಾಯಿಗೆ ಕೊಡುತ್ತೇನೆ ಎನ್ನುತ್ತಿದ್ದಾರೆ. ನನ್ನ ಕೈಯಲ್ಲಿರುವುದು 3,000 ಮಾತ್ರ. ಚೌಕಾಸಿ ಮಾಡಿ ಅದನ್ನೇ ಕೊಳ್ಳಲೇ, ಪ್ಲಾಸ್ಟಿಕ್ ಮಾದರಿ ಸಾಕೇ, ಅಥವಾ ಹಣವನ್ನು ಟ್ಯೂಶನ್ನಿಗೆ ಇಡಲೇ?

ಡೊಂಬಿವಲಿಯ ಫಿಸಿಯೋಥೆರಪಿಸ್ಟ್:

ಕಣ್ಣು ಮುಚ್ಚಿಕೊಂಡು ನಿಜವಾದ ಮೂಳೆಯನ್ನೇ ಕೊಳ್ಳಿ. 2009ರಲ್ಲಿ ನಾನು ಅಮ್ಮನ ಚೀಟಿಯ ಹಣದಿಂದ 5,200 ರೂಪಾಯಿ ಕೊಟ್ಟು ಹಾಫ್ ಸೆಟ್ ತಂದೆ. ಅದನ್ನಿಡಲು ಕಬ್ಬಿಣದ ಟ್ರಂಕಿಗೆ 380, ಕೈಯ ಮೂಳೆಗಳನ್ನು ಪೋಣಿಸಿದ್ದ ತಂತಿ ಎರಡು ಬಾರಿ ತುಂಡಾದಾಗ ಮತ್ತೆ ಕಟ್ಟಿಸಲು 150 ಮತ್ತು 200 ರೂಪಾಯಿ ಬೇರೆ. ದೇಹದ 206 ಮೂಳೆಗಳಲ್ಲಿ 106 ಕೈಪಾದಗಳಲ್ಲೇ ಇವೆಯೆಂಬ ಸಂಗತಿ ಆ ತಂತಿ ತುಂಡಾದ ರಾತ್ರಿ ನನಗೆ ಮನದಟ್ಟಾದಷ್ಟು ಯಾವ ತರಗತಿಯಲ್ಲೂ ಆಗಲಿಲ್ಲ. ಮಣಿಕಟ್ಟಿನ ಎಂಟರಲ್ಲಿ ಪಿಸಿಫಾರ್ಮ್ ಎಂಬುದು ಬಟಾಣಿ ಕಾಳಿನಷ್ಟೇ ಇರುತ್ತದೆ. ಅದು ಹಾಸಿಗೆಯ ಹತ್ತಿಯೊಳಗೆ ಸೇರಿತೋ, ಕಸದೊಂದಿಗೆ ಹೋಯಿತೋ, ಇಂದಿಗೂ ಸಿಕ್ಕಿಲ್ಲ. ಸೆಟ್ ಮಾರುವಾಗ ಜೂನಿಯರ್ ಹುಡುಗಿ ಅದಕ್ಕಾಗಿ 700 ರೂಪಾಯಿ ಮುರಿದುಕೊಂಡಳು.

ಆದರೂ ನನಗೆ ಪಶ್ಚಾತ್ತಾಪವಿಲ್ಲ. ವೈವಾದಲ್ಲಿ (ಮೌಖಿಕ ಪರೀಕ್ಷೆ) ಪರೀಕ್ಷಕರು ಒಂದು ಕ್ಲಾವಿಕಲನ್ನು (ಕೊರಳೆಲುಬು) ಕೈಗಿತ್ತು ಎಡವೋ ಬಲವೋ ಎಂದಾಗ ಕಣ್ಣಿಗಿಂತ ಬೆರಳೇ ಮೊದಲು ಉತ್ತರ ಕಂಡುಕೊಂಡಿತು. ದಪ್ಪನೆಯ ತುದಿ ಎದೆಯ ನಡುವಿನ ಕಡೆಗೆ, ಚಪ್ಪಟೆಯ ತುದಿ ಭುಜದ ಕಡೆಗೆ, ಒಳಗಿನ ಮೂರನೇ ಎರಡು ಭಾಗದ ಉಬ್ಬು ಮುಂದಕ್ಕೆ, ಸಬ್‌ಕ್ಲೇವಿಯಸ್ ಸ್ನಾಯು ಕೂರುವ ತೋಡು ಕೆಳಕ್ಕೆ. ಹಾಗೆ ಹಿಡಿದರೆ ಅದು ಯಾವ ಬದಿಯದೆಂದು ತಾನಾಗಿಯೇ ಹೇಳುತ್ತದೆ. ಅಗ್ಗದ ಪ್ಲಾಸ್ಟಿಕ್ಕಿನಲ್ಲಿ ಎಷ್ಟೋ ಸಲ ಆ ತೋಡೇ ಇರುವುದಿಲ್ಲ.

ಪರೇಲ್‌ನ ಚಾಳಿನಲ್ಲಿ ಬೆಳೆದ ಸ್ಟಾಫ್ ನರ್ಸ್:

ಟ್ರಂಕ್ ಇಡಲು ಜಾಗವಿದ್ದವರ ಮಾತು ಇದು. ಹತ್ತು ಅಡಿ ಉದ್ದ, ಹನ್ನೆರಡು ಅಡಿ ಅಗಲದ ಖೋಲಿಯಲ್ಲಿ ನಾವು ಆರು ಜನರಿದ್ದೆವು. ನಾನು ಸೆಟ್ ತಂದ ದಿನವೇ ಅಜ್ಜಿ ದೇವರ ದೀಪ ಹಚ್ಚಲಿಲ್ಲ. ಯಾರ ಮನೆಯ ಹೆಣವೋ ಏನೋ, ನನ್ನ ತಲೆದಿಂಬಿನ ಕೆಳಗೆ ಬೇಡ ಎಂದು ಮೂರು ರಾತ್ರಿ ಗ್ಯಾಲರಿಯಲ್ಲಿ ಮಲಗಿದರು. ನಾಲ್ಕನೆಯ ದಿನ ಸೆಟ್ಟನ್ನು ಹಿಂದಿರುಗಿಸಿದಾಗ ಸೀನಿಯರ್ ಮಹಾಶಯಳು 1,000 ರೂಪಾಯಿ ಇಟ್ಟುಕೊಂಡೇ ಉಳಿದದ್ದನ್ನು ಕೊಟ್ಟಳು. ಬಳಿಕ 2,600ಕ್ಕೆ ಪ್ಲಾಸ್ಟಿಕ್ ತಂದೆ. ತೋಡು ಇರಲಿಲ್ಲ, ನಿಜ. ಕಾಲೇಜಿನ ಮ್ಯೂಸಿಯಮ್ಮಿನಲ್ಲಿ ಅಸಲಿ ಕ್ಲಾವಿಕಲನ್ನು ಪಕ್ಕದಲ್ಲಿಟ್ಟುಕೊಂಡು, ಕಂಪಾಸಿನ ಮೊನೆಯಿಂದ ನನ್ನದರ ಮೇಲೆ ಆ ತೋಡನ್ನು ನಾನೇ ಕೊರೆದೆ. ಕೊರೆದವಳು ಮರೆಯುವುದುಂಟೇ?

ಡೊಂಬಿವಲಿಯ ಫಿಸಿಯೋಥೆರಪಿಸ್ಟ್:

ಅಸಲಿ ಮೂಳೆಯನ್ನು ನೋಡಿಯೇ ಕೊರೆದಿರಿ ಎಂದು ನೀವೇ ಹೇಳಿದಿರಲ್ಲ ಅಕ್ಕ. ಅಲ್ಲಿಗೆ ನನ್ನ ವಾದವೇ ಗೆದ್ದಿತು.

ಪರೇಲ್‌ನ ಸ್ಟಾಫ್ ನರ್ಸ್:

ನೋಡಿದ್ದು ಕಾಲೇಜಿನದನ್ನು, ಕೊಂಡದ್ದಲ್ಲ. ವಾರಸುದಾರರಿಲ್ಲದ ದೇಹಗಳನ್ನು ಕಲಿಕೆಗಾಗಿ ಸಂಸ್ಥೆಗಳಿಗೆ ಕೊಡಲು ಮುಂಬಯಿ ಪ್ರಾಂತ್ಯದಲ್ಲಿ 1949ರಲ್ಲೇ ಅನಾಟಮಿ ಕಾಯಿದೆ ಬಂದಿದೆ; ಕೊಡಬೇಕಾದದ್ದು ಸಂಸ್ಥೆಗೆ, ನಿಮ್ಮ ಮಂಚದ ಕೆಳಗಿನ ಟ್ರಂಕಿಗಲ್ಲ. ನಮ್ಮ ದೇಶದಿಂದ ಮನುಷ್ಯರ ಮೂಳೆಗಳ ರಫ್ತನ್ನು ಸರ್ಕಾರ 1985ರಲ್ಲಿ ಏಕೆ ನಿಲ್ಲಿಸಿತೆಂದು ಸ್ವಲ್ಪ ಯೋಚಿಸಿ. ಪಿಸಿಫಾರ್ಮ್ ಕಳೆಯಿತೆಂದು 700 ರೂಪಾಯಿಗೆ ಅಳುವ ನೀವು, ಅದು ಒಬ್ಬ ಮನುಷ್ಯನ ಮಣಿಕಟ್ಟಿನಲ್ಲಿತ್ತೆಂಬುದನ್ನು ಒಮ್ಮೆಯಾದರೂ ನೆನೆದಿರಾ?

ವಾಸ್ಕೋದ ಲ್ಯಾಬ್ ಟೆಕ್ನಿಶಿಯನ್:

ಇಬ್ಬರೂ ಮೂಳೆಯನ್ನೇ ಕಡಿಯುತ್ತಿದ್ದೀರಿ. ನನ್ನನ್ನು ಫೇಲ್ ಮಾಡಿದ್ದು ಫಿಸಿಯಾಲಜಿ. ಗದಗದಿಂದ ಗೋವಾಕ್ಕೆ ಬಂದು ಲ್ಯಾಬ್ ಟೆಕ್ನಿಶಿಯನ್ ಡಿಪ್ಲೊಮಾ ಡಿ.ಎಂ.ಎಲ್.ಟಿ. ಸೇರಿದೆ; ಹತ್ತು ತಿಂಗಳ ಟ್ಯೂಶನ್ನಿಗೆ 18,000 ಸುರಿದೆ. ಆ ಮೇಷ್ಟ್ರು ನೋಟ್ಸ್ ಬರೆಯಿಸಿದರೇ ಹೊರತು ಒಂದು ಲೆಕ್ಕವನ್ನೂ ಮಾಡಿಸಲಿಲ್ಲ. ಪಿತ್ತರಸ ಎಲ್ಲಿ ತಯಾರಾಗುತ್ತದೆ ಎಂಬ ಐದು ಅಂಕದ ಪ್ರಶ್ನೆಗೆ ನಾನು ಗಾಲ್ ಬ್ಲ್ಯಾಡರ್ (ಪಿತ್ತಕೋಶ) ಎಂದು ಬರೆದೆ. ಅದು ತಯಾರಾಗುವುದು ಲಿವರಿನಲ್ಲಿ, ಗಾಲ್ ಬ್ಲ್ಯಾಡರಿನಲ್ಲಿ ಶೇಖರವಾಗುತ್ತದೆ ಅಷ್ಟೆ. ನಮ್ಮ ಕಡೆ ಕೆಲವರು ಲಿವರನ್ನೂ ಪಿತ್ತಕೋಶವೆಂದೇ ಕರೆಯುವುದರಿಂದ ನನ್ನ ತಲೆಯಲ್ಲಿ ಎರಡೂ ಒಂದಾಗಿದ್ದವು. ಮೂರು ಅಂಕದಲ್ಲಿ ಹೋಯಿತು. ಮರುಪರೀಕ್ಷೆಯ ಶುಲ್ಕ 1,150, ಪಣಜಿಗೆ ಓಡಾಟದ ಖರ್ಚು 460, ಆರು ತಿಂಗಳ ಸಂಬಳ ಇಲ್ಲ.

ಎರಡನೆಯ ಸಲ ಟ್ಯೂಶನ್ ಬಿಟ್ಟು ಲೆಕ್ಕ ಹಿಡಿದೆ. ಎರಡೂ ಮೂತ್ರಪಿಂಡಗಳು ಸೇರಿ ನಿಮಿಷಕ್ಕೆ 125 ಮಿ.ಲೀ. ಸೋಸುತ್ತವೆ, ಅದನ್ನು 1,440 ನಿಮಿಷಗಳಿಗೆ ಗುಣಿಸಿದರೆ ದಿನಕ್ಕೆ 180 ಲೀಟರ್. ರಕ್ತದ ದ್ರವಭಾಗವಾದ ಪ್ಲಾಸ್ಮಾ ಸುಮಾರು 3 ಲೀಟರ್ ಮಾತ್ರ, ಅಂದರೆ ಅದೇ ನೀರು ದಿನಕ್ಕೆ 60 ಬಾರಿ ಸೋಸಲ್ಪಡುತ್ತದೆ, ಮೂತ್ರವಾಗಿ ಹೊರಬೀಳುವುದು ಒಂದೂವರೆ ಲೀಟರಿನಷ್ಟು. ಉಳಿದ 178.5 ಲೀಟರನ್ನು ಹಿಂದಕ್ಕೆ ಹೀರುವವರು ಯಾರು, ಎಲ್ಲಿ, ಯಾವುದರ ಬಲದಿಂದ ಎಂದು ಕೇಳಿಕೊಂಡೇ ಮೂತ್ರಪಿಂಡದೊಳಗೆ ಸೋಸುವ ಸೂಕ್ಷ್ಮ ನಳಿಕೆಯಾದ ನೆಫ್ರಾನಿನ ಪಾಠವನ್ನೆಲ್ಲ ಬಾಯಿಪಾಠವಿಲ್ಲದೆ ಮುಗಿಸಿದೆ. ಹಾಫ್ ಸೆಟ್ಟಿನಲ್ಲಿ ನೆಫ್ರಾನ್ ಇರುತ್ತದೆಯೇ?

ಮಾಟುಂಗಾದ ನಿವೃತ್ತ ಶಿಕ್ಷಕ:

ವಾಸ್ಕೋದ ತಮ್ಮನವರ ಮೇಲೆ ನನಗೆ ಕೋಪವಿಲ್ಲ, ಆದರೆ ತಪ್ಪನ್ನು ಕನ್ನಡದ ತಲೆಗೆ ಕಟ್ಟಿದ್ದು ಸರಿಯಲ್ಲ. ರಾತ್ರಿ ಶಾಲೆಯಲ್ಲಿ ಹೋಟೆಲಿನ ಹುಡುಗರಿಗೆ ನಾನು ವಿಜ್ಞಾನ ಕಲಿಸಿದವನು. ಹತ್ತು ಗಂಟೆಯ ಹೊತ್ತಿಗೆ ಅರೆನಿದ್ದೆಯಲ್ಲಿರುತ್ತಿದ್ದ ಆ ಮಕ್ಕಳಿಗೂ 'ಪಿತ್ತಜನಕಾಂಗ' ಎಂಬ ಪದವನ್ನು ಬಿಡಿಸಿ ಹೇಳಿದರೆ ಪಿತ್ತವನ್ನು ಹುಟ್ಟಿಸುವ ಅಂಗ ಯಾವುದೆಂಬ ಸಂದೇಹ ಉಳಿಯುತ್ತಿರಲಿಲ್ಲ. ಪದದಲ್ಲೇ ಉತ್ತರವಿದೆ. 'ಲಿವರ್' ಎಂಬುದರಲ್ಲಿ ಏನಿದೆ? ಮರಾಠಿ ಗೆಳೆಯರೊಂದಿಗೆ ಕೂಡಿ ಓದುವವರಿಗೆ ನಮ್ಮ ಶ್ವಾಸಕೋಶ ಅಲ್ಲಿ ಫುಫ್ಫುಸವೆಂದೂ ಮೇದೋಜೀರಕ (ಪ್ಯಾಂಕ್ರಿಯಾಸ್) ಸ್ವಾದುಪಿಂಡವೆಂದೂ ಗೊತ್ತಿದ್ದರೆ ವಾರ್ಡಿನಲ್ಲೂ ಉಪಯೋಗ.

ವಾಸ್ಕೋದ ಲ್ಯಾಬ್ ಟೆಕ್ನಿಶಿಯನ್:

ಸರ್, ಹಾಗಿದ್ದರೆ ಮೇದೋಜೀರಕ ಎಂಬ ಪದದೊಳಗೆ ಇನ್ಸುಲಿನ್ ಎಲ್ಲಿದೆ, ಬಿಡಿಸಿ ತೋರಿಸಿ. ಕೊಬ್ಬನ್ನು ಜೀರ್ಣಿಸುವುದಷ್ಟೇ ಅದರ ಕೆಲಸವೆಂದು ಹೆಸರು ಹೇಳುತ್ತದೆ. ನಾನು ದಿನಕ್ಕೆ ನಲವತ್ತು ಸಕ್ಕರೆ ಪರೀಕ್ಷೆ ಮಾಡುವುದು ಕೊಬ್ಬಿಗಲ್ಲ.

ಮಾಟುಂಗಾದ ನಿವೃತ್ತ ಶಿಕ್ಷಕ:

ಮೇದೋಜೀರಕದಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳ ದ್ವೀಪಗಳನ್ನು ವಿಜ್ಞಾನಿ ಲಾಂಗರ್‌ಹಾನ್ಸ್ 1869ರಲ್ಲೇ ಗುರುತಿಸಿದರೂ ಅವುಗಳ ಕೆಲಸ ಅವನಿಗೂ ತಿಳಿದಿರಲಿಲ್ಲ. ಟೊರಾಂಟೋದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ನನ್ನು ಬೇರ್ಪಡಿಸಿದ್ದು 1921ರಲ್ಲಿ. ಇಂಗ್ಲಿಷಿನ 'ಪ್ಯಾಂಕ್ರಿಯಾಸ್' ಎಂಬುದೂ ಗ್ರೀಕಿನಲ್ಲಿ 'ಪೂರ್ತಿ ಮಾಂಸ' ಎಂದಷ್ಟೇ ಅರ್ಥ ಕೊಡುತ್ತದೆ. ಅದರಲ್ಲಿ ನಿಮ್ಮ ಸಕ್ಕರೆ ಎಲ್ಲಿದೆ, ಮೊದಲು ನೀವು ತೋರಿಸಿ.

ಪರೇಲ್‌ನ ಸ್ಟಾಫ್ ನರ್ಸ್:

ಆ ಹುಡುಗಿ ಕೇಳಿದ್ದು ಮೂಳೆಯ ವಿಷಯ, ನಿಘಂಟಿನ ವಿಷಯವಲ್ಲ. ಡೊಂಬಿವಲಿಯವರಿಂದ ನನ್ನ ಪ್ರಶ್ನೆಗೂ ಉತ್ತರ ಬಂದಿಲ್ಲ.

ಡೊಂಬಿವಲಿಯ ಫಿಸಿಯೋಥೆರಪಿಸ್ಟ್:

ಬಂದಿಲ್ಲ, ಏಕೆಂದರೆ ಓ.ಪಿ.ಡಿ.ಯಲ್ಲಿ (ಹೊರರೋಗಿಗಳ ವಿಭಾಗ) ಇದ್ದೆ. ಲೋಕಲ್ ರೈಲಿನಿಂದ ಇಳಿಯುವಾಗ ಅಂಗೈ ಊರಿ ಬಿದ್ದ ಹುಡುಗನೊಬ್ಬ ಬಂದಿದ್ದ. ಬೇರೆಡೆ ಮೊದಲ ದಿನದ ಎಕ್ಸ್‌ರೇ ನೋಡಿ ಉಳುಕು ಎಂದು ಕಳುಹಿಸಿದ್ದರಂತೆ. ಹೆಬ್ಬೆರಳಿನ ಬುಡದ ಗುಳಿಯನ್ನು ಒತ್ತಿದೊಡನೆ ಕಿರುಚಿದ. ಮಣಿಕಟ್ಟಿನ ಸ್ಕೇಫಾಯ್ಡ್ ಮೂಳೆ ಮುರಿದಿರಬಹುದೆಂದು ಮತ್ತೆ ಎಕ್ಸ್‌ರೇಗೆ ಕಳುಹಿಸಿದೆ. ಆ ಮೂಳೆಗೆ ರಕ್ತ ಹೆಚ್ಚಾಗಿ ಬೆರಳಿನ ಕಡೆಯ ತುದಿಯಿಂದ ಒಳಸೇರುತ್ತದೆ, ನಡುವೆ ಮುರಿದರೆ ಮುಂಗೈ ಕಡೆಯ ತುಂಡು ರಕ್ತವಿಲ್ಲದೆ ಸಾಯಬಹುದು. ನನ್ನ ಹೆಬ್ಬೆರಳಿಗೆ ಆ ಗುಳಿ ಗೊತ್ತಿದ್ದದ್ದು ಟ್ರಂಕಿನಲ್ಲಿದ್ದ ಆ ಮನುಷ್ಯನಿಂದ. ಪ್ರತಿ ವರ್ಷ ಮಹಾಲಯ ಅಮಾವಾಸ್ಯೆಯಂದು ಅವನನ್ನು ನೆನೆದು ಒಂದು ಎಡೆ ಇಡುತ್ತೇನೆ. ಇದನ್ನು ಇಲ್ಲಿ ಹೇಳಬೇಕೆಂದಿರಲಿಲ್ಲ, ಹೇಳಿಸಿದಿರಿ.

ಪ್ರಶ್ನೆ ಕೇಳಿದ ವಿದ್ಯಾರ್ಥಿನಿ:

ಎಲ್ಲರಿಗೂ ಕೃತಜ್ಞತೆಗಳು. ಆ ಸೆಟ್ಟನ್ನು ಇಂದು ಮಧ್ಯಾಹ್ನ ನನ್ನದೇ ತರಗತಿಯ ಹುಡುಗಿಯೊಬ್ಬಳು 4,800ಕ್ಕೆ ಕೊಂಡೊಯ್ದಳು.

ಡೊಂಬಿವಲಿಯ ಫಿಸಿಯೋಥೆರಪಿಸ್ಟ್:

ಅದರಲ್ಲಿ ಪಿಸಿಫಾರ್ಮ್ ಇತ್ತೇ ಎಂದು ಅವಳು ನೋಡಿಕೊಂಡಳೇ?