ಸೀನನ ಕಾರ್ಡು

ಸೀನ ಜೇಬಿನಿಂದ ಒಂದು ತಗಡಿನ ಬಿಲ್ಲೆ ತೆಗೆದು ಮೇಜಿನ ಮೇಲಿಟ್ಟ. ಉದ್ದ ಅಗಲ ಥೇಟ್ ಎಟಿಎಂ ಕಾರ್ಡಿನದು, ದಪ್ಪ 5 ಮಿಲಿಮೀಟರ್. ಒಂದು ತುದಿಯಲ್ಲಿ 68 ಸಣ್ಣ ತೂತು.

“ಹಳೇ ಲ್ಯಾಪ್‌ಟಾಪಿನ ನೆಟ್‌ವರ್ಕ್ ಕಾರ್ಡು” ಎಂದ, ಅಜ್ಜಿಯ ಓಲೆ ತೋರಿಸುವವರ ಹಾಗೆ.

“ಇದಕ್ಕೊಂದು ಹೆಸರಿತ್ತಲ್ಲ? ಪಿಸಿಎಂ... ಪಿಸಿಐಎಂ...” ಗುಂಡ ತಡವರಿಸಿದ.

“ಪಿಸಿಎಂಸಿಐಎ. 1989ರಲ್ಲಿ ಕಟ್ಟಿದ ಸಂಘದ ಹೆಸರು” ಎಂದೆ. “ಯಾರ ಬಾಯಲ್ಲೂ ನಿಲ್ಲದೆ ಕೊನೆಗೆ ಪಿಸಿ ಕಾರ್ಡ್ ಅಂತ ಮಾಡಿದರು.”

ಸೀನನ ಸಂಕಟ ಬೇರೆ. “ಲಿನಕ್ಸ್ ಆಪರೇಟಿಂಗ್ ಸಿಸ್ಟಂನವರು ಇಂಥವುಗಳ ಡ್ರೈವರ್, ಅಂದರೆ ಇವನ್ನು ನಡೆಸುವ ತಂತ್ರಾಂಶ, ಒಂದೊಂದಾಗಿ ಕಿತ್ತು ಹಾಕ್ತಿದ್ದಾರೆ. 2023ರಲ್ಲಿ ಕೆಲವು ಹೋದವು. ನಾಳೆ ಇದರ ಸರದಿ. ಇದ್ದರೆ ಅವರ ಗಂಟೇನು ಹೋಗುತ್ತೆ? ಮೂಲೆಯಲ್ಲಿ ಬಿದ್ದಿರುತ್ತೆ. ಅನ್ನ ಕೇಳುತ್ತಾ?”

“ಕೇಳುತ್ತೆ ಮಾರಾಯ” ಎಂದೆ. “ಕರ್ನಲ್, ಅಂದರೆ ಲಿನಕ್ಸ್‌ನ ತಿರುಳು, ಅದರ ಒಳಗಿನ ಫಂಕ್ಷನ್‌ಗಳು ಬದಲಾಗುತ್ತಲೇ ಇರುತ್ತವೆ. ಒಂದನ್ನು ಮುಟ್ಟಿದವನು ಅದನ್ನು ಬಳಸುವ ಡ್ರೈವರ್‌ಗಳನ್ನೆಲ್ಲ ತಿದ್ದಬೇಕು. ಅವನು ಈ ಕಾರ್ಡನ್ನು ಕಣ್ಣಾರೆ ಕಂಡೇ ಇಲ್ಲ. ತಿದ್ದಿದ್ದು ಕಂಪೈಲ್ ಆಗಿ ಯಂತ್ರದ ಭಾಷೆಗೆ ತಿರುಗಿತು ಅಂದರೆ ಕೈ ಮುಗಿದು ಮುಂದೆ ಹೋಗುತ್ತಾನೆ.”

“ಅಂದ್ರೆ ಕಣ್ಣು ಮುಚ್ಚಿಕೊಂಡು ಕ್ಷೌರ” ಎಂದ ಗುಂಡ.

“ಕಾರ್ಡ್‌ಬಸ್ ಅನ್ನುವ ಇದರ ಹೊಸ ತಲೆಮಾರಿನ ಕಾರ್ಡು ಆಗಿದ್ದರೆ ಅಷ್ಟು ಚಿಂತೆ ಇಲ್ಲ” ಎಂದೆ. “ ಅದು 32 ಬಿಟ್, ಒಳಗೆಲ್ಲ ಕಂಪ್ಯೂಟರಿನೊಳಗೆ ಸಿಕ್ಕಿಸುವ ಪಿಸಿಐ ಕಾರ್ಡಿನ ರೀತಿಯೇ. ಯೆಂಟಾ ಅನ್ನುವ ಡ್ರೈವರ್ ಸ್ಲಾಟ್ ನೋಡಿಕೊಂಡರೆ ಉಳಿದದ್ದು ಮಾಮೂಲಿ. ನಿನ್ನದು 16 ಬಿಟ್, ಪಿಸಿಐಗಿಂತ ಹಳೆಯ ಐಎಸ್‌ಎ ವಂಶ. ಕಾರ್ಡಿನೊಳಗೆ ಅದರ ಜಾತಕ ಬರೆದಿರುತ್ತೆ. ಕರ್ನಲ್ ಅದನ್ನು ಓದಿ ಪೋರ್ಟು (ಮಾತಾಡುವ ವಿಳಾಸ), ಇಂಟರಪ್ಟು (ಗಮನ ಸೆಳೆಯುವ ಗಂಟೆ) ಹೊಂದಿಸಬೇಕು. ಕೆಲವು ಕಾರ್ಡಿನ ಜಾತಕವೇ ತಪ್ಪು! ಅದಕ್ಕೆ ತಿದ್ದಿದ ಪ್ರತಿಯನ್ನು ಫರ್ಮ್‌ವೇರ್ ಫೈಲಿನಲ್ಲಿ ಬೇರೆ ಇಡಬೇಕು.”

“ಜಾತಕ ತಿದ್ದುವುದು ಕರ್ನಲ್‌ನಲ್ಲೂ ಉಂಟಾ!” ಗುಂಡನಿಗೆ ಪರಮಾನಂದ.

ಸೀನ ಬೇರೆ ಲೋಕದಲ್ಲಿದ್ದ. “ಆಗೆಲ್ಲ ಕಾರ್ಡ್ ತೂರಿಸಿದರೆ ಎರಡು ಸಲ ಬೀಪ್ ಅನ್ನುತ್ತಿತ್ತು. ಎರಡನೇ ಬೀಪ್ ತಗ್ಗಿದ ದನಿಯಲ್ಲಿ ಬಂತೋ, ಗುರುತು ಸಿಕ್ಕಿದೆ, ಕೆಲಸ ಕೆಟ್ಟಿದೆ ಅಂತ ಅರ್ಥ.” (ಇವನ ಮದುವೆಯ ದಿನಾಂಕ ಇವನಿಗೆ ನೆನಪಿಲ್ಲ. ಬೀಪ್ ನೆನಪಿದೆ.)

“ಅಷ್ಟು ಪ್ರೀತಿ ಇದ್ದರೆ ಸುಮ್ನೆ ಗೊಣಗಬೇಡ” ಎಂದೆ. “ಕಾರ್ಡು ನನ್ನ ಹತ್ತಿರ ಇದೆ, ಹೊಸ ಕರ್ನಲ್ ಬಂದಾಗಲೆಲ್ಲ ಹಾಕಿ ನೋಡಿ ಹೇಳ್ತೀನಿ ಅಂತ ಅವರಿಗೆ ಬರೆ. ಅವರಿಗೆ ಬೇಕಾಗಿರುವುದೇ ಅಂಥವನು.”

ಸೀನನ ಮುಖ ಅರಳಿತು. ಆಗಲೇ ಚೀಲದಿಂದ ಇಟ್ಟಿಗೆಯಂಥ ಲ್ಯಾಪ್‌ಟಾಪ್ ಹೊರಬಂತು. ಕಾರ್ಡು ಸರಕ್ಕನೆ ಸ್ಲಾಟಿನೊಳಗೆ ಹೋಯಿತು. ಲಾಗ್‌ನಲ್ಲಿ ಅದರ ಹೆಸರೂ ಬಂತು! ಮೂವರೂ ಬಾಗಿ ನೋಡಿದೆವು.

“ಈಗ ನೆಟ್‌ವರ್ಕ್ ಕೇಬಲ್ ಹಾಕು” ಎಂದೆ.

5 ಮಿಲಿಮೀಟರ್ ದಪ್ಪದ ಕಾರ್ಡಿನಲ್ಲಿ ಇಂಥ ಕೇಬಲ್ಲಿನ ಗೂಡು ಎಲ್ಲಿ ಹಿಡಿಸಬೇಕು? ಅದಕ್ಕೇ ಕಾರ್ಡಿಗೂ ಕೇಬಲ್ಲಿಗೂ ನಡುವೆ ಸಿಕ್ಕಿಸುವ ಗೇಣುದ್ದದ ಒಂದು ಡಾಂಗಲ್ ಜೊತೆಗೆ ಕೊಟ್ಟಿರುತ್ತಿದ್ದರು. ಸೀನ ಎಡ ಜೇಬು ತಡವಿದ. ಬಲ ಜೇಬು ತಡವಿದ. ಚೀಲವನ್ನು ತಲೆಕೆಳಗು ಮಾಡಿ ಕೊಡವಿದ.

“ಮನೆ ಬದಲಾಯಿಸುವಾಗ...” ಎಂದು ಶುರು ಮಾಡಿ ನಿಲ್ಲಿಸಿದ.

ಗುಂಡ ಮೆಲ್ಲಗೆ ಕೇಳಿದ: “ಇದಕ್ಕೂ ಲಿನಕ್ಸ್‌ನವರನ್ನೇ ಬೈಯೋಣವಾ?”